ಯಾವ ಅಧ್ಯಾಯದ ಮಾತು ಅದು?

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಮೂರು ಅಧ್ಯಾಯಗಳಲ್ಲಿ ಗಂಡು, ಹೆಣ್ಣು, ಮದುವೆ, ಮೈ ಇವುಗಳ ಬಗ್ಗೆ ನಿಜಕ್ಕೂ ಏನಿದೆ ಎಂದು ಕೇಳಿ ಓದುಗರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಓದುವಾಗ ಬೈಬಲು ಪಕ್ಕದಲ್ಲಿರಲಿ. ಮೂರು ಅಧ್ಯಾಯ ಸೇರಿ 80 ವಚನ, ಅರ್ಧ ಗಂಟೆಯೂ ಬೇಕಾಗದು. ಎರಡನೆಯ ಅಧ್ಯಾಯದಲ್ಲಿ ಮೊದಲ ಜೋಡಿ ಕೂಡುತ್ತದೆ, ಮೂರನೆಯದರಲ್ಲಿ ತಿನ್ನಬಾರದ ಹಣ್ಣು ತಿಂದು ಕೆಡುತ್ತದೆ. ಜಗಳವೆಲ್ಲ ಹುಟ್ಟುವುದು ಮೂರನೆಯ ಅಧ್ಯಾಯದ ಮಾತನ್ನು ಎರಡನೆಯದಕ್ಕೆ ಒಯ್ದು ಅಂಟಿಸುವುದರಿಂದ. ಹಾಗಾಗಿ ಯಾರಾದರೂ ವಾಕ್ಯ ಹೇಳಿದರೆ ಮೊದಲು ಅಧ್ಯಾಯದ ಸಂಖ್ಯೆ ಕೇಳಿ.

ಪ್ರಶ್ನೆ: ಮದುವೆ ಪ್ರಸಂಗಗಳಲ್ಲಿ "ಹೆಣ್ಣನ್ನು ದೇವರು ಗಂಡಿನ ಸಹಾಯಕ್ಕೆಂದೇ ಉಂಟುಮಾಡಿದನು" ಎನ್ನುತ್ತಾರೆ. ಹಾಗಾದರೆ ಹೆಂಡತಿ ಎಂದರೆ ಕೈಯಾಳೇ? (ಶಿವಮೊಗ್ಗದ ಓದುಗಿ)

ಅಲ್ಲ. 2:18ರಲ್ಲಿ (ಎರಡನೆಯ ಅಧ್ಯಾಯ, 18ನೆಯ ವಚನ) ಮೂಲ ಭಾಷೆಯಾದ ಹೀಬ್ರೂವಿನ ಮಾತು 'ಎಝೆರ್ ಕೆನೆಗ್ದೋ'. ಎಝೆರ್ (ನೆರವು) ಎಂಬ ನಾಮಪದ ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ 21 ಸಲ ಬರುತ್ತದೆ. ಎರಡು ಸಲ ಈ ಹೆಣ್ಣಿಗೆ (2:18 ಮತ್ತು 2:20). ಮೂರು ಸಲ ಯುದ್ಧ, ರಾಜಕೀಯದ ಇಕ್ಕಟ್ಟಿನಲ್ಲಿ ಮನುಷ್ಯರು ಕೊಡುವ, ಇಲ್ಲವೇ ಕೊಡದೆ ಕೈಕೊಡುವ, ನೆರವಿಗೆ. ಉಳಿದ ಕಡೆಯೆಲ್ಲ ಅದು ದೇವರಿಂದ ಬರುವ ನೆರವು. "ನನ್ನ ಸಹಾಯವು ಎಲ್ಲಿಂದ ಬರುವುದು" ಎಂದು ಪರ್ವತಗಳ ಕಡೆ ಕಣ್ಣೆತ್ತುವ 121ನೆಯ ಕೀರ್ತನೆಯಲ್ಲಿರುವುದು ಇದೇ ಪದ. ನಮ್ಮ ಊರುಗಳಲ್ಲಿ ಎಷ್ಟೋ ಸಭೆಗಳಿಗೆ (ಚರ್ಚುಗಳಿಗೆ), ಮನೆಗಳ ಗೇಟಿಗೆ 'ಎಬೆನೆಜೆರ್' ಎಂದು ಹೆಸರಿಟ್ಟಿರುತ್ತಾರಲ್ಲ, ಅದರ ಬಾಲದಲ್ಲಿರುವುದೂ ಇದೇ: ನೆರವಿನ ಕಲ್ಲು (1 ಸಮುವೇಲ 7:12). ಗೇಟಿನ ಮೇಲೆ ದೇವರಿಗೆ ಒಪ್ಪುವ ಪದ ಒಳಗೆ ಅಡುಗೆಮನೆಗೆ ಬಂದಾಗ ಕೈಯಾಳು ಆಗುವುದು ಹೇಗೆ?

'ಕೆನೆಗ್ದೋ' ಎಂಬುದರಲ್ಲಿ ಮೂರು ತುಂಡಿವೆ. ಕೆ ಎಂದರೆ 'ಹಾಗೆ', ನೆಗೆದ್ ಎಂದರೆ 'ಎದುರು', ಓ ಎಂದರೆ 'ಅವನ'. ಎದುರುಬದುರಾಗಿ, ಸರಿಸಮನಾಗಿ ನಿಲ್ಲುವ ನೆರವು. 'ಎದುರು' ಎಂಬುದನ್ನು ಹಿಡಿದು ಯೆಹೂದಿ ವ್ಯಾಖ್ಯಾನಕಾರ ರಾಶಿ (1040–1105) ಹಳೆಯ ಮಾತೊಂದನ್ನು ನೆನಪಿಸುತ್ತಾನೆ: ಗಂಡಸು ಯೋಗ್ಯನಾದರೆ ಅವಳು ನೆರವು, ಇಲ್ಲದಿದ್ದರೆ ಎದುರಾಳಿ.

ತಪ್ಪು ಹುಟ್ಟುವುದು ನಮ್ಮ ಕಿವಿಯಲ್ಲಿ. 'ಸಹಾಯಕಿ' ಎಂದ ಕೂಡಲೇ ಅಂಗನವಾಡಿ ಸಹಾಯಕಿ, ಕಚೇರಿಯ ಸಹಾಯಕಿ ಕಣ್ಣಮುಂದೆ ಬರುತ್ತಾಳೆ. ಮೇಲಿನಿಂದ ಆದೇಶ, ಕೆಳಗೆ ಕೆಲಸ. ಕನ್ನಡದ ಹಳೆಯ ಅನುವಾದ 'ಸರಿಬೀಳುವ ಸಹಕಾರಿ' ಎನ್ನುತ್ತದೆ, ಅದು ಎಷ್ಟೋ ವಾಸಿ. ಸಹಕಾರಿ ಎಂದರೆ ಹಾಲಿನ ಸೊಸೈಟಿಯನ್ನೇ ನೆನೆಸಿಕೊಳ್ಳಿ: ದಿನಕ್ಕೆ ಎರಡು ಲೀಟರ್ ಹಾಕುವವರಿಗೂ ಇಪ್ಪತ್ತು ಲೀಟರ್ ಹಾಕುವವರಿಗೂ ಓಟು ಒಂದೇ.

ಕಥೆಯ ಸಾಲನ್ನೂ ಗಮನಿಸಿ. ಒಂಟಿತನ ಒಳ್ಳೆಯದಲ್ಲ ಎಂದು ದೇವರು ಹೇಳಿದ ಮೇಲೆ ತಕ್ಷಣ ಹೆಣ್ಣು ಬರುವುದಿಲ್ಲ, ಪ್ರಾಣಿಗಳು ಬರುತ್ತವೆ (2:19–20). ಆದಾಮನು ಒಂದೊಂದಕ್ಕೂ ಹೆಸರಿಟ್ಟ, ಯಾವುದೂ ಸರಿಬೀಳಲಿಲ್ಲ. ಬೇಕಾಗಿದ್ದುದು ಕೆಲಸಕ್ಕೆ ಆಳಾಗಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯುತ್ತಿತ್ತು. ಉಳುವುದಕ್ಕೆ ಎತ್ತು ಸಾಕಿತ್ತು, ಹೊರುವುದಕ್ಕೆ ಕತ್ತೆ.

ಪ್ರಶ್ನೆ: ಗಂಡಸರಿಗೆ ಪಕ್ಕೆಲುಬು ಒಂದು ಕಡಿಮೆ ಇರುತ್ತದೆ ಎನ್ನುವುದು ನಿಜವೇ? (ಕೋಲಾರದ ವಿದ್ಯಾರ್ಥಿ)

ಇಲ್ಲ. ಇಬ್ಬರಿಗೂ ಸಾಮಾನ್ಯವಾಗಿ 12 ಜೊತೆ, ಒಟ್ಟು 24. ಅಂಗರಚನಾ ಶಾಸ್ತ್ರಜ್ಞ ವೆಸೇಲಿಯಸ್ 1543ರಲ್ಲೇ ಈ ನಂಬಿಕೆಯನ್ನು ತಳ್ಳಿಹಾಕಿದ್ದ. ಆದಾಮನ ಪಕ್ಕೆಲುಬಿನಿಂದ ದೇವರು ಹೆಣ್ಣನ್ನು ಮಾಡಿದನೆಂಬ ಕಥೆಯನ್ನು (2:21–22) ಅಕ್ಷರಶಃ ತೆಗೆದುಕೊಂಡರೂ ಲೆಕ್ಕ ತಪ್ಪು: ಅಪ್ಪನ ಬೆರಳು ಕಬ್ಬಿನ ಗಾಣಕ್ಕೆ ಸಿಕ್ಕಿ ತುಂಡಾದರೆ ಮಗು ಒಂಬತ್ತು ಬೆರಳಿನದಾಗಿ ಹುಟ್ಟುವುದಿಲ್ಲವಷ್ಟೆ.

ಪಕ್ಕೆಲುಬು ಎಂಬಲ್ಲಿ ಮೂಲ ಪದ 'ತ್ಸೇಲಾ'. ಬೈಬಲಿನಲ್ಲಿ ಅದು ಸುಮಾರು 40 ಸಲ ಬರುತ್ತದೆ, ಹೆಚ್ಚಿನ ಕಡೆ ಕಟ್ಟಡದ ಲೆಕ್ಕದಲ್ಲಿ: ಮಂಜೂಷದ (ಪವಿತ್ರ ಪೆಟ್ಟಿಗೆಯ) ಬದಿ, ಆರಾಧನೆಯ ಗುಡಾರದ ಪಕ್ಕ, ದೇವಾಲಯದ ಮಗ್ಗುಲ ಕೋಣೆಗಳು. ಒಂದು ಕಡೆ ಬೆಟ್ಟದ ಪಕ್ಕ. 'ಮಗ್ಗುಲು' ಎಂಬ ನಮ್ಮ ಪದ ಇದಕ್ಕೆ ಚೆನ್ನಾಗಿ ಹೊಂದುತ್ತದೆ; ಮೈಗೂ ಸಲ್ಲುತ್ತದೆ, ಮನೆಗೂ ಸಲ್ಲುತ್ತದೆ. 2:22ರಲ್ಲಿ ದೇವರು ಹೆಣ್ಣನ್ನು 'ಕಟ್ಟಿದನು' ಎಂಬ ಕ್ರಿಯಾಪದವೇ ಇದೆ, ಮನೆ ಕಟ್ಟುವಾಗ ಬಳಸುವ ಅದೇ ಕ್ರಿಯಾಪದ.

"ತಲೆಯಿಂದಲ್ಲ, ಕಾಲಿನಿಂದಲ್ಲ, ಮಗ್ಗುಲಿನಿಂದ" ಎಂದು ಮದುವೆಯಲ್ಲಿ ಹೇಳುವ ಮಾತು ಬೈಬಲಿನದಲ್ಲ. ಅದು ಮಧ್ಯಯುಗದ ಧರ್ಮಶಾಸ್ತ್ರಿಗಳ ವ್ಯಾಖ್ಯಾನ. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸರು ಬಳಸಿದ್ದಾರೆ. ಹೇಳಲಿ, ಅಡ್ಡಿಯಿಲ್ಲ. ವಚನದ ಸಂಖ್ಯೆ ಕೊಟ್ಟು ಹೇಳದಿದ್ದರೆ ಸಾಕು.

ಇನ್ನೊಂದು: ಹೀಬ್ರೂವಿನಲ್ಲಿ ಗಂಡು 'ಈಶ್', ಹೆಣ್ಣು 'ಈಶಾ'. 2:23ರ ಪದ್ಯ ನಿಂತಿರುವುದೇ ಈ ಪ್ರಾಸದ ಮೇಲೆ. ಎಷ್ಟೋ ಭಾಷೆಗಳ ಅನುವಾದದಲ್ಲಿ ಅದು ಸತ್ತುಹೋಗುತ್ತದೆ. ಕನ್ನಡದವರು ನರನಿಂದ ಬಂದವಳು ನಾರಿ ಎಂದು ಮಾಡಿ ಉಳಿಸಿಕೊಂಡರು.

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ಎರಡು ಕೋಣೆಯ ಮನೆಯಲ್ಲಿ ಅತ್ತೆ-ಮಾವನ ಜೊತೆ ಇದ್ದೇವೆ. "ತಂದೆತಾಯಿಗಳನ್ನು ಬಿಟ್ಟು" ಎಂದು ಬೈಬಲಿನಲ್ಲೇ ಇದೆ, ಬೇರೆ ಮನೆ ಮಾಡೋಣ ಎಂದರೆ ನಮ್ಮವರು "ತಂದೆತಾಯಿಗಳನ್ನು ಸನ್ಮಾನಿಸು" ಎಂದು ಇನ್ನೊಂದು ವಾಕ್ಯ ಹೇಳುತ್ತಾರೆ. ಯಾರು ಸರಿ? (ಬೆಂಗಳೂರಿನ ಓದುಗಿ)

ಇಬ್ಬರ ವಾಕ್ಯವೂ ಸರಿ, ಇಬ್ಬರೂ ಅದನ್ನು ಬಾಡಿಗೆ ಮನೆಯ ಪ್ರಶ್ನೆ ಮಾಡಿಕೊಂಡಿದ್ದೀರಿ.

ನೀವು ಹೇಳುವ ವಾಕ್ಯ 2:24: ಗಂಡಸು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವನು, ಇಬ್ಬರೂ ಒಂದೇ ಶರೀರವಾಗಿರುವರು. ಅದನ್ನು ಬರೆದ ಕಾಲದ ಇಸ್ರಾಯೇಲಿನಲ್ಲೂ ಮದುವೆಯಾದ ಹುಡುಗಿಯೇ ಗಂಡನ ಮನೆಗೆ ಬರುತ್ತಿದ್ದಳು. ಅಬ್ರಹಾಮನ ಮಗ ಇಸಾಕನು ಹೆಂಡತಿ ರೆಬೆಕ್ಕಳನ್ನು ಕರೆದುಕೊಂಡು ಹೋದದ್ದು ಬೇರೆ ಗುಡಾರಕ್ಕಲ್ಲ, ತೀರಿಹೋಗಿದ್ದ ತಾಯಿ ಸಾರಳ ಗುಡಾರಕ್ಕೆ (24:67). ಅಂಥ ಕೂಡು ಕುಟುಂಬದ ಜನರ ಮುಂದೆ ಈ ವಚನ "ಹೆಣ್ಣು ಬಿಟ್ಟು ಬರಲಿ" ಎನ್ನುವುದಿಲ್ಲ. ಅವಳು ಹೇಗೂ ಬಿಟ್ಟು ಬರುತ್ತಿದ್ದಳು. ಹೇಳಬೇಕಾಗಿದ್ದುದು ಗಂಡಸಿಗೆ. ಅವನು ಅದೇ ಅಂಗಳದಲ್ಲಿ ಇದ್ದುಕೊಂಡೇ ಬಿಡಬೇಕು. ಬದಲಾಗಬೇಕಾದದ್ದು ವಿಳಾಸವಲ್ಲ, ಸರದಿ: ಮೊದಲ ಮಾತು ಯಾರ ಜೊತೆ, ಕೊನೆಯ ಮಾತು ಯಾರ ಜೊತೆ ಎಂಬುದು.

'ಸೇರಿಕೊಳ್ಳು' ಎಂಬುದರ ಮೂಲ 'ದಾವಕ್', ಅಂಟಿಕೊಳ್ಳು. ಸೊಂಟಕ್ಕೆ ನಡುಪಟ್ಟಿ ಅಂಟುವುದಕ್ಕೆ (ಯೆರೆಮೀಯ 13:11), ನಾಲಿಗೆ ಅಂಗುಳಕ್ಕೆ ಅಂಟುವುದಕ್ಕೆ (ಯೋಬ 29:10) ಇದೇ ಪದ. ಇಂದಿನ ಹೀಬ್ರೂವಿನಲ್ಲಿ ಗೋಂದಿಗೆ 'ದೇವೆಕ್' ಎನ್ನುತ್ತಾರೆ. ನಿಮ್ಮ ವಿಷಯಕ್ಕೆ ಬೇಕಾದ ಉದಾಹರಣೆ ರೂತಳು 1:14ರಲ್ಲಿದೆ. ಅಲ್ಲಿ ಸೊಸೆ ಅಂಟಿಕೊಂಡದ್ದು ಅತ್ತೆಗೆ! ಅಂಟು ಒಂದು ಕಡೆ ಗಟ್ಟಿಯಾದರೆ ಇನ್ನೊಂದು ಕಡೆ ಬಿಟ್ಟುಹೋಗಲೇಬೇಕೆಂದಿಲ್ಲ. ಹೆತ್ತವರಿಗೆ ಕೊಡಬೇಕಾದದ್ದನ್ನು ದೇವರ ಹೆಸರು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಗದರಿದ್ದೂ ಇದೆ (ಮಾರ್ಕ 7:9–13).

ಇನ್ನು ಮನೆಯೊಳಗೆ ನೋಡಬೇಕಾದದ್ದು. ಮೊದಲು ಬಾಗಿಲು. ಹಳೆಯ ಮನೆಗಳಲ್ಲಿ ಕೋಣೆಗೆ ಪರದೆ ಮಾತ್ರ ಇರುತ್ತದೆ, ಬಾಗಿಲಿದ್ದರೆ ಚಿಲಕ ಹೊರಗಡೆಯಷ್ಟೇ. ಒಳಗಿನಿಂದ ಹಾಕುವ ಚಿಲಕ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಆರಿಂಚಿನ ಟವರ್ ಬೋಲ್ಟ್ ಎಂದು ಕೇಳಿದರೆ ಕೊಡುತ್ತಾರೆ, ಬಡಗಿಗೆ ಹತ್ತು ನಿಮಿಷದ ಕೆಲಸ. ಇದನ್ನು ಸೊಸೆ ಹಾಕಿಸಿದರೆ ಜಗಳ, ಮಗ ಹಾಕಿಸಿದರೆ ರಿಪೇರಿ. ಆದ್ದರಿಂದ ಮಗನೇ ಹಾಕಿಸಲಿ. ಎರಡನೆಯದು ದುಡ್ಡು. ಇಬ್ಬರ ಸಂಬಳವೂ ಮೊದಲು ಇಬ್ಬರಿಗೆ ಗೊತ್ತಿರುವ ಖಾತೆಗೆ ಬಂದು, ಅಲ್ಲಿಂದ ಹೆತ್ತವರಿಗೆ ಇಂತಿಷ್ಟು ಎಂದು ತಿಂಗಳ ಮೊದಲ ವಾರದಲ್ಲೇ ಹೋಗಲಿ. ತಾಯಿ ಕೈಗೆ ಪೂರ್ತಿ ಕೊಟ್ಟು ಖರ್ಚಿಗೆ ಕೇಳಿ ಪಡೆಯುವ ಪದ್ಧತಿ ಇರುವಲ್ಲಿ 2:24 ಇನ್ನೂ ನಡೆದಿಲ್ಲ. ಮೂರನೆಯದು ಸುದ್ದಿ. ಗಂಡ-ಹೆಂಡಿರ ಜಗಳ ಮೂರನೆಯವರ ಕಿವಿಗೆ ಹೋಗುವ ಮೊದಲು ಒಂದು ರಾತ್ರಿಯಾದರೂ ಇಬ್ಬರ ನಡುವೆ ಇರಲಿ. ಇದು ನಿಮಗೂ ಅನ್ವಯ. ತವರಿಗೆ ಹೋಗುವ ಫೋನೂ ಒಂದು ಬಗೆಯ ಬಿಡದಿರುವಿಕೆಯೇ. ಇವು ಮೂರೂ ಆಗಿಯೂ ಉಸಿರುಗಟ್ಟಿದರೆ ಬೇರೆ ಮನೆ ನೋಡಿ, ಯಾವ ಆಜ್ಞೆಯೂ ಮುರಿಯುವುದಿಲ್ಲ.

ಪ್ರಶ್ನೆ: ತಿನ್ನಬಾರದ ಹಣ್ಣು ಎಂದರೆ ನಿಜವಾಗಿ ಲೈಂಗಿಕ ಸಂಬಂಧವೇ ಅಲ್ಲವೇ? (ಹುಬ್ಬಳ್ಳಿ)

ಹೀಗೆ ನಂಬುವವರು ಬಹಳ. ಪಠ್ಯ ಒಪ್ಪುವುದಿಲ್ಲ. "ಹೆಚ್ಚಿರಿ" ಎಂಬ ಆಶೀರ್ವಾದ ಬಂದದ್ದು 1:28ರಲ್ಲಿ, ಒಂದೇ ಶರೀರವಾಗುವ ಮಾತು 2:24ರಲ್ಲಿ. ಹಣ್ಣು ಬರುವುದು 3:6ಕ್ಕೆ. ಆಗಲೂ ಹೆಣ್ಣು ಮೊದಲು ತಾನೇ ತಿಂದು ನಂತರ ಗಂಡನಿಗೆ ಕೊಡುತ್ತಾಳೆ. ಲೈಂಗಿಕ ಸಂಬಂಧ ಹಾಗೆ ಒಬ್ಬರು ಮುಗಿಸಿ ಇನ್ನೊಬ್ಬರಿಗೆ ದಾಟಿಸುವಂಥದಲ್ಲ. ಹಣ್ಣು ಸೇಬು ಎಂದೂ ಎಲ್ಲಿಯೂ ಇಲ್ಲ. ಲ್ಯಾಟಿನ್‌ನಲ್ಲಿ ಸೇಬಿಗೂ ಕೆಡುಕಿಗೂ ಹತ್ತಿರದ ಪದಗಳಿರುವುದು ಆ ನಂಬಿಕೆಗೆ ನೀರೆರೆಯಿತು.

ಹಳೆಯ ವ್ಯಾಖ್ಯಾನಕಾರರೂ ಒಂದೇ ಮಾತಿನವರಲ್ಲ. ನಾಲ್ಕನೆಯ ಶತಮಾನದ ನೀಸಾದ ಗ್ರೆಗೊರಿ, ಪಾಪವಿಲ್ಲದಿದ್ದರೆ ಮನುಷ್ಯರು ದೇವದೂತರ ಹಾಗೆ ಹೆಚ್ಚುತ್ತಿದ್ದರು ಎಂದ. ಅಗಸ್ಟೀನರು ಏದೆನಿನಲ್ಲೂ (ಆ ಮೊದಲ ತೋಟದಲ್ಲೂ) ಕೂಡುವುದು ಇರುತ್ತಿತ್ತು, ಹತೋಟಿ ತಪ್ಪಿದ ಕಾಮ ಇರುತ್ತಿರಲಿಲ್ಲ ಎಂದರು. ರಾಶಿಯಂತೂ ಆದಾಮನು ಹೆಂಡತಿಯನ್ನು ಕೂಡಿದ ಸುದ್ದಿ ಹೇಳುವ 4:1ರ ಕ್ರಿಯಾಪದದ ರೂಪ ನೋಡಿ, ಇಬ್ಬರೂ ತೋಟದಲ್ಲಿದ್ದಾಗಲೇ ಕೂಡಿದ್ದರು ಎಂದು ಬರೆದ. ಅಂದಹಾಗೆ ಆ ಕ್ರಿಯಾಪದ 'ಯಾದಾ', ಅರಿ ಎಂದು ಅರ್ಥ.

ಹಾಗಾದರೆ ನಾಚಿಕೆ ಎಲ್ಲಿಂದ ಬಂತು? 2:25ರಲ್ಲಿ ಇಬ್ಬರೂ 'ಅರುಮ್ಮೀಮ್', ಬೆತ್ತಲೆ. ಮುಂದಿನ ವಚನದಲ್ಲೇ ಸರ್ಪ 'ಆರೂಮ್', ಯುಕ್ತಿವಂತ. ಬೇಕೆಂದೇ ಇಟ್ಟ ಶ್ಲೇಷೆ ಅದು. ಏನನ್ನೂ ಮುಚ್ಚಿಡದವರ ಪಕ್ಕಕ್ಕೆ ಎಲ್ಲವನ್ನೂ ಮುಚ್ಚಿಡುವವನು ಬಂದ. ಹಣ್ಣು ತಿಂದ ಮೇಲೂ ಮೈ ಮೊದಲಿನದೇ, ನೋಟ ಬೇರೆಯಾಯಿತು. ಮುಚ್ಚಿಕೊಳ್ಳಲು ಸಿಕ್ಕಿದ್ದಾದರೂ ಏನು? ಅಂಜೂರದ ಎಲೆ. ಅಂಜೂರ ಬೆಳೆದವರಿಗೆ ಗೊತ್ತು, ಎಲೆ ಅಂಗೈಯಷ್ಟಗಲ, ಮುಟ್ಟಿದರೆ ಮರಳುಕಾಗದದ ಹಾಗೆ ಒರಟು. ತೊಟ್ಟು ಮುರಿದರೆ ಬಿಳಿ ಹಾಲು. ಆ ಹಾಲು ಅಂಟಿದ ಚರ್ಮಕ್ಕೆ ಬಿಸಿಲು ತಾಗಿದರೆ ಉರಿ, ಬೊಬ್ಬೆ. ಅವರು ಹೊಲಿದುಕೊಂಡದ್ದು ತುರಿಕೆಯ ಉಡುಪು. 3:21ರಲ್ಲಿ ದೇವರು ಬಯ್ಯದೆ ಚರ್ಮದ ಅಂಗಿ ಮಾಡಿ ತೊಡಿಸುತ್ತಾನೆ.

ಪ್ರಶ್ನೆ: "ಅವನು ನಿನಗೆ ಒಡೆಯನಾಗುವನು" ಎಂದು ದೇವರೇ ಹೇಳಿದ ಮೇಲೆ ಗಂಡನ ಅಧಿಕಾರ ಪ್ರಶ್ನಿಸುವುದು ಸರಿಯೇ? (ಚಾಮರಾಜನಗರದ ಓದುಗರು)

ಯಾವ ಅಧ್ಯಾಯ? 3:16. ಅಪರಾಧ ನಡೆದ ಮೇಲೆ ಏನೇನು ಕೆಡುತ್ತದೆ ಎಂಬ ಪಟ್ಟಿಯಲ್ಲಿ ಬರುವ ಮಾತು. ಅದೇ ಪಟ್ಟಿಯಲ್ಲಿ ಹೆರಿಗೆಯ ನೋವಿದೆ, ಹೊಲದ ಮುಳ್ಳುಗಿಡ ಇದೆ (3:18), ಹಣೆಯ ಬೆವರು ಇದೆ (3:19). ಮುಳ್ಳು ಬೆಳೆಯುವುದು ದೇವರ ಆಜ್ಞೆ ಎಂದು ಯಾವ ರೈತನೂ ಕಳೆ ಕೀಳದೆ ಕೂರುವುದಿಲ್ಲ. ಬೆವರು ಸುರಿಯಲೇಬೇಕೆಂದು ಯಾರೂ ಟ್ರ್ಯಾಕ್ಟರ್ ಮಾರುವುದಿಲ್ಲ. ಪಟ್ಟಿಯಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಕಟ್ಟಳೆ ಮಾಡುವುದು ಯಾವ ನ್ಯಾಯ?

ಇದು ಹೊಸಗಾಲದ ವಾದವಲ್ಲ. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ ಇದೇ 3:16 ಮುಂದಿಟ್ಟು ಆಕ್ಷೇಪಗಳು ಬರಬಹುದೆಂದು ಅವನೇ ಆ ವರ್ಷದ ಡಿಸೆಂಬರಿನಲ್ಲಿ ಉತ್ತರದ ಕಿರುಹೊತ್ತಗೆ ಅಚ್ಚು ಹಾಕಿಸಿದ. ಅವನ ಒಂದು ವಾದ 2:21ರಿಂದ: ಮಗ್ಗುಲು ತೆಗೆಯುವ ಮೊದಲು ದೇವರೇ ಆದಾಮನಿಗೆ ಗಾಢನಿದ್ರೆ ಬರಿಸಿದನಲ್ಲ! 1853ರಲ್ಲಿ ವಿಕ್ಟೋರಿಯಾ ರಾಣಿ ತಾನೇ ಹೆರಿಗೆಗೆ ಕ್ಲೋರೋಫಾರ್ಮ್ ತೆಗೆದುಕೊಂಡ ಮೇಲೆ ಬಾಯಿಗಳು ಕಡಿಮೆಯಾದವು.

ಇನ್ನೆರಡು ವಿವರ. ಶಾಪ ಎಂಬ ಪದ ಸರ್ಪಕ್ಕೆ ಮತ್ತು ನೆಲಕ್ಕೆ ಮಾತ್ರ ಹೇಳಿದ್ದು (3:14, 3:17). ಹೆಣ್ಣಿಗೂ ಗಂಡಿಗೂ ಆ ಪದ ಹಾಕಿಲ್ಲ. ಮತ್ತು 1:28ರಲ್ಲಿ ಆಳಿರಿ ಎಂದದ್ದು ಬಹುವಚನದಲ್ಲಿ, ಇಬ್ಬರಿಗೂ. ಆಳಬೇಕಾದದ್ದು ಮೀನು, ಪಕ್ಷಿ, ಪ್ರಾಣಿಗಳನ್ನು. ಮನುಷ್ಯ ಮನುಷ್ಯರನ್ನು ಆಳುವ ಮಾತು ಮೊದಲ ಸಲ ಬರುವುದೇ ಕೆಟ್ಟ ಸುದ್ದಿಯಾಗಿ. 3:16ರಲ್ಲಿ ಹೆಣ್ಣಿಗೆ ಗಂಡನ ಮೇಲೆ ಇರುವುದೆನ್ನುವ 'ಆಶೆ', 'ತೆಶೂಕಾ', ಬೈಬಲಿನಲ್ಲಿ ಮೂರೇ ಕಡೆ ಇದೆ: ಇಲ್ಲಿ, ಆದಾಮನ ಮಗ ಕಾಯಿನನನ್ನು ಹಿಡಿಯಲು ಹೊಂಚುವ ಪಾಪಕ್ಕೆ (4:7), ಮತ್ತು ಪರಮಗೀತೆಯ ಏಳನೆಯ ಅಧ್ಯಾಯದಲ್ಲಿ. ಅಲ್ಲಿ ಹೆಣ್ಣು ತನ್ನ ನಲ್ಲನ ಆಶೆ ತನ್ನ ಮೇಲಿದೆ ಎಂದು ಹಾಡುತ್ತಾಳೆ. ಅಲ್ಲಿ ಯಾರೂ ಯಾರ ಒಡೆಯರೂ ಅಲ್ಲ.

ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಲಿ ಎನ್ನುವ, ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ ಬೇರೆಯೇ ಚರ್ಚೆ, ಸಭೆಗಳಲ್ಲಿ ಒಮ್ಮತವಿಲ್ಲ. ಆದರೆ ಅಲ್ಲೂ ಅವನು ಆಧಾರಕ್ಕೆ ತೆಗೆದುಕೊಳ್ಳುವುದು 2:24, ಮೂರನೆಯ ಅಧ್ಯಾಯವನ್ನಲ್ಲ.

ಪ್ರಶ್ನೆ: ಒಂಬತ್ತು ವರ್ಷವಾಯಿತು, ಮಕ್ಕಳಿಲ್ಲ. ನೆಂಟರು "ಫಲವಂತರಾಗಿರಿ" ಎಂಬ ವಾಕ್ಯ ಹೇಳಿ ಚುಚ್ಚುತ್ತಾರೆ. ನಮ್ಮ ಮದುವೆ ಅರ್ಧ ಮದುವೆಯೇ? (ದಕ್ಷಿಣ ಕನ್ನಡದ ದಂಪತಿ)

ಅಲ್ಲ. 1:28 "ಅವರನ್ನು ಆಶೀರ್ವದಿಸಿ" ಎಂದು ಶುರುವಾಗುತ್ತದೆ. ಅದೇ ಆಶೀರ್ವಾದ 1:22ರಲ್ಲಿ ಮೀನುಗಳಿಗೂ ಪಕ್ಷಿಗಳಿಗೂ ಸಿಕ್ಕಿದೆ. ಮದುವೆಯ ಮಾತಿರುವ 2:18ರಿಂದ 25ರವರೆಗೆ ಮಗು ಎಂಬ ಪದವೇ ಇಲ್ಲ. ಮದುವೆಗೆ ಅಲ್ಲಿ ಕೊಟ್ಟ ಕಾರಣ ಒಂದೇ, ಒಂಟಿತನ.

ಮಕ್ಕಳು, ಜೊತೆ ಎಂಬ ಈ ಎರಡು ಕಾರಣಗಳ ನಡುವೆ ಸಭೆಗಳು ಜೋಕಾಲಿಯಾಡಿದ್ದು ನಿಜ. ಅಗಸ್ಟೀನರು, ಬರೀ ಮಾತುಕತೆಗೆ ಜೊತೆ ಬೇಕಾಗಿದ್ದರೆ ಇನ್ನೊಬ್ಬ ಗಂಡಸೇ ಮೇಲಾಗುತ್ತಿತ್ತು, ಹೆಣ್ಣನ್ನು ಕೊಟ್ಟದ್ದು ಮಕ್ಕಳಿಗಾಗಿ ಎಂದು ಬರೆದರು. ದೊಡ್ಡವರ ಸಣ್ಣ ಮಾತು ಎನ್ನದೆ ವಿಧಿಯಿಲ್ಲ. 1917ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ (ನಿಯಮ 1013) ಮಕ್ಕಳನ್ನು ಮದುವೆಯ ಪ್ರಧಾನ ಉದ್ದೇಶವೆಂದೂ ಪರಸ್ಪರ ನೆರವನ್ನು ಎರಡನೆಯದೆಂದೂ ಇಟ್ಟಿತ್ತು. 1983ರ ಸಂಹಿತೆ (ನಿಯಮ 1055) ಆ ಮೇಲು-ಕೆಳಗನ್ನು ಕೈಬಿಟ್ಟು ದಂಪತಿಯ ಒಳಿತನ್ನೂ ಮಕ್ಕಳನ್ನೂ ಜೊತೆಯಲ್ಲಿ ಹೇಳಿತು, ದಂಪತಿಯ ಒಳಿತು ಮೊದಲು. ನಿಯಮ 1084 ಇನ್ನೂ ಸ್ಪಷ್ಟ: ಬಂಜೆತನ ಮದುವೆಯನ್ನು ತಡೆಯುವುದೂ ಇಲ್ಲ, ಅಸಿಂಧು ಮಾಡುವುದೂ ಇಲ್ಲ. ನೆಂಟರಿಗೆ ಈ ಸಂಖ್ಯೆ ಬರೆದು ಕೊಡಿ.

ಪರೀಕ್ಷೆ ಮಾಡಿಸುವುದಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ. ವೀರ್ಯ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಆದರೂ ನಮ್ಮಲ್ಲಿ ಹೆಂಗಸಿಗೆ ಎಲ್ಲ ತಪಾಸಣೆ ಮುಗಿದ ಮೇಲೆ ಗಂಡಸಿನ ಸರದಿ ಬರುತ್ತದೆ.

ಪ್ರಶ್ನೆ: ಗಂಡ ಗಲ್ಫ್‌ನಲ್ಲಿದ್ದಾರೆ, ವರ್ಷಕ್ಕೆ ಒಂದು ತಿಂಗಳು ರಜೆ. ಮಕ್ಕಳು ಬೇಡವೆಂದಿರುವಾಗ ದೇಹದ ಆಸೆ ಪಾಪವೇ? ಕೆಲವು ದಿನ ನನಗೆ ಮನಸ್ಸಿರುವುದಿಲ್ಲ. "ಹೆಂಡತಿಯ ದೇಹದ ಮೇಲೆ ಅಧಿಕಾರ ಗಂಡನದು" ಎಂದು ಬೈಬಲ್ ತೋರಿಸುತ್ತಾರೆ. (ಉಡುಪಿ)

ಮೊದಲನೆಯದಕ್ಕೆ: ಪಾಪವಲ್ಲ. ವಿಮೋಚನಕಾಂಡ 21:10 ಹೆಂಡತಿಗೆ ಅನ್ನ, ಬಟ್ಟೆಯ ಜೊತೆ ಮೂರನೆಯದಾಗಿ 'ಓನಾ' ಹೇಳುತ್ತದೆ. ಯೆಹೂದಿ ಪರಂಪರೆ ಅದನ್ನು ದಾಂಪತ್ಯಸುಖವೆಂದು ಓದಿತು. ಅದು ಹೆಂಡತಿಯ ಹಕ್ಕು, ಗಂಡನ ಕರ್ತವ್ಯ. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಯೆಹೂದಿ ಕಟ್ಟಳೆಗಳ ಸಂಗ್ರಹ ಮಿಷ್ನಾದಲ್ಲಿ ಕಸುಬಿನ ಪ್ರಕಾರ ಲೆಕ್ಕವೇ ಇದೆ: ದುಡಿಯುವ ಅಗತ್ಯವಿಲ್ಲದವರು ದಿನವೂ, ಕೂಲಿಯವರು ವಾರಕ್ಕೆರಡು ಸಲ, ಕತ್ತೆ ಹೊಡೆಯುವವರು ವಾರಕ್ಕೊಮ್ಮೆ, ಒಂಟೆಯವರು 30 ದಿನಕ್ಕೊಮ್ಮೆ, ನಾವಿಕರು ಆರು ತಿಂಗಳಿಗೊಮ್ಮೆ. ಕತ್ತೆ ಬಿಟ್ಟು ಒಂಟೆಗೆ ಹೋದರೆ ಸಂಪಾದನೆ ಹೆಚ್ಚು, ಮನೆಯಲ್ಲಿರುವ ದಿನ ಕಡಿಮೆ; ಹೆಂಡತಿಯ ಒಪ್ಪಿಗೆಯಿಲ್ಲದೆ ಹಾಗೆ ಹೋಗಬಾರದು ಎಂಬುದು ಯೆಹೂದಿ ಕಾನೂನಾಯಿತು. ಗಲ್ಫ್ ವೀಸಾಕ್ಕೆ ಸಹಿ ಹಾಕುವ ಮೊದಲು ನಮ್ಮ ಕರಾವಳಿಯಲ್ಲಿ ಎಷ್ಟು ಹೆಂಡತಿಯರನ್ನು ಕೇಳಿದ್ದಾರೆ? ಅಕ್ವಿನಾಸರೂ ಏದೆನಿನಲ್ಲಿ ದೇಹಸುಖ ಈಗಿನದಕ್ಕಿಂತ ಹೆಚ್ಚೇ ಇರುತ್ತಿತ್ತು ಎಂದವರು. ಗರ್ಭನಿರೋಧಕದ ಬಗ್ಗೆ ಮಾತ್ರ ಸಭೆಗಳು ಬೇರೆ ಬೇರೆ: ಕಥೋಲಿಕ ಸಭೆ ಪೋಪರ 1968ರ ವಿಶ್ವಪತ್ರದಿಂದ ಈಚೆಗೂ ಕೃತಕ ವಿಧಾನ ಒಪ್ಪುವುದಿಲ್ಲ, ಫಲವತ್ತಲ್ಲದ ದಿನಗಳ ಲೆಕ್ಕ ಒಪ್ಪುತ್ತದೆ, ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳು ಅದನ್ನು ದಂಪತಿಗೇ ಬಿಟ್ಟಿವೆ.

ಎರಡನೆಯದಕ್ಕೆ: ನಿಮ್ಮವರು ತೋರಿಸುತ್ತಿರುವುದು 1 ಕೊರಿಂಥ 7:4ರ ಮೊದಲ ಅರ್ಧ. ಉಳಿದರ್ಧದಲ್ಲಿ ಗಂಡನ ದೇಹದ ಮೇಲೆ ಅಧಿಕಾರ ಹೆಂಡತಿಯದು ಎಂದಿದೆ. ಇಬ್ಬರ ಕೈಯಲ್ಲೂ ಒಂದೊಂದು ಬೀಗದ ಕೈ ಇದ್ದರೆ ಒಬ್ಬರೇ ಬಾಗಿಲು ತೆಗೆಯಲು ಬರುವುದಿಲ್ಲ. ಮುಂದಿನ ವಚನದಲ್ಲಿರುವುದು 'ಪರಸ್ಪರ ಸಮ್ಮತಿ'. ಬಲವಂತವಿದ್ದರೆ ಅದು ಆದಿಕಾಂಡದ ವಿಷಯವೇ ಅಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಹಿಂಸೆಯೇ. ಮಹಿಳಾ ಸಹಾಯವಾಣಿ 181.

ಪ್ರಶ್ನೆ: ಆದಾಮನಿಗೆ ಲಿಲಿತ್ ಎಂಬ ಮೊದಲ ಹೆಂಡತಿ ಇದ್ದಳಂತೆ, ಸಭೆ ಮುಚ್ಚಿಟ್ಟಿದೆಯಂತೆ. (ಮೈಸೂರು)

ಬೈಬಲಿನಲ್ಲಿ ಆ ಪದ ಯೆಶಾಯ 34:14ರಲ್ಲಿ ಒಂದೇ ಸಲ ಇದೆ, ಹಾಳೂರಿನ ರಾತ್ರಿಪಿಶಾಚಿಯಂಥ ಯಾವುದೋ ಜೀವಿಗೆ. ಹೆಂಡತಿಯ ಕಥೆ ಮಧ್ಯಯುಗದ ಒಂದು ಯೆಹೂದಿ ವಿನೋದ ಗ್ರಂಥದ್ದು. ಮುಚ್ಚಿಡಲು ಏನೂ ಇರಲಿಲ್ಲ.

ಪ್ರಶ್ನೆ: ನನಗೆ 38. ಮದುವೆ ಬೇಡವೆಂದಿದ್ದೇನೆ. "ಒಂಟಿಯಾಗಿರುವುದು ಒಳ್ಳೆಯದಲ್ಲ" ಎಂದು ಪ್ರತಿ ಭಾನುವಾರ ಯಾರಾದರೊಬ್ಬರು ಹೇಳುತ್ತಾರೆ. (ಬೆಳಗಾವಿ)

ಆ ಮಾತು ಹೇಳಿದ್ದು ಭೂಮಿಯ ಮೇಲೆ ಒಬ್ಬನೇ ಒಬ್ಬ ಮನುಷ್ಯನಿದ್ದಾಗ. ನಿಮಗೆ ಅಕ್ಕತಂಗಿಯರು, ಗೆಳತಿಯರು, ನೆರೆಹೊರೆ, ಸಭೆ ಇದ್ದಾರೆ. ಪ್ರವಾದಿ ಯೆರೆಮೀಯನಿಗೆ ಮದುವೆಯಾಗಬೇಡ ಎಂದು ದೇವರೇ ಹೇಳಿದ್ದ (ಯೆರೆಮೀಯ 16:2). ಪೌಲನು ಒಂಟಿಯಾಗಿದ್ದುದು ಮಾತ್ರವಲ್ಲ, ತನ್ನ ಹಾಗೆ ಇರುವುದು ಒಳ್ಳೆಯದು ಎಂದೂ ಬರೆದ (1 ಕೊರಿಂಥ 7:8). ಯೇಸುವಿಗೂ ಮದುವೆಯಾಗಿರಲಿಲ್ಲ ಎಂದು ಭಾನುವಾರದವರಿಗೆ ನೆನಪಿಸಬಹುದು. ನಗುತ್ತಲೇ ಹೇಳಿ. ನಿಜವಾಗಿ ನಿಮ್ಮ ಒಂಟಿತನದ ಚಿಂತೆ ಇರುವವರು ವಾಕ್ಯ ಹೇಳುವ ಬದಲು ಊಟಕ್ಕೆ ಕರೆಯುತ್ತಾರೆ.

ಪ್ರಶ್ನೆ: ಮದುವೆ ನಿಶ್ಚಯವಾದವರಿಗೆ ನಮ್ಮಲ್ಲಿ ಎರಡು ಸಂಜೆಯ ತರಗತಿ ನಡೆಸುತ್ತೇವೆ. ಆದಿಕಾಂಡ 2ನ್ನು ಹೇಗೆ ಹೇಳಿಕೊಡಬೇಕು? (ಹಾಸನದ ಉಪದೇಶಕರು)

ಮೊದಲ ಸಂಜೆ 2:18–25 ಮಾತ್ರ, ಎಂಟು ವಚನ. ಎಫೆಸ, ಪೇತ್ರ ಎಂದು ಬೇರೆ ಪತ್ರಗಳಿಗೆ ಹಾರಬೇಡಿ. ಪ್ರತಿ ಜೋಡಿಗೂ ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ ಕೊಡಿ. ಇಬ್ಬರಿಗೆ ಎರಡು ಹಾಳೆ ಕೊಟ್ಟರೆ ಇಬ್ಬರೂ ತಲೆ ತಗ್ಗಿಸಿ ಬೇರೆ ಬೇರೆ ಕೂರುತ್ತಾರೆ. ಹುಡುಗಿ ಒಮ್ಮೆ, ಹುಡುಗ ಒಮ್ಮೆ ಗಟ್ಟಿಯಾಗಿ ಓದಲಿ. ಆಮೇಲೆ ಮೂರು ಬಣ್ಣದ ಪೆನ್ನು: ದೇವರು ಮಾಡಿದ್ದಕ್ಕೆ ಒಂದು, ಆದಾಮ ಮಾಡಿದ್ದಕ್ಕೆ ಒಂದು, ಹೆಣ್ಣು ಮಾಡಿದ್ದಕ್ಕೆ ಒಂದು. ಹತ್ತು ನಿಮಿಷದಲ್ಲಿ ಯಾರಾದರೂ ತಲೆಯೆತ್ತಿ "ಮೂರನೆಯ ಪೆನ್ನಿಗೆ ಕೆಲಸವೇ ಇಲ್ಲವಲ್ಲ" ಎನ್ನುತ್ತಾರೆ. ಅದಕ್ಕೇ ಕಾಯಬೇಕು. ಈ ಅಧ್ಯಾಯದಲ್ಲಿ ಹೆಣ್ಣು ಒಂದು ಮಾತೂ ಆಡುವುದಿಲ್ಲ. ಆದಾಮ ಸಂತೋಷದಿಂದ ಪದ್ಯ ಹೇಳುತ್ತಾನೆ, ಅದರಲ್ಲಿ 'ಈಕೆ' ಎಂಬ ಪದ ಹೀಬ್ರೂವಿನಲ್ಲಿ ಮೂರು ಸಲ ಬರುತ್ತದೆ. ಅವಳ ಬಗ್ಗೆ ಹೇಳುತ್ತಾನೆಯೇ ಹೊರತು ಅವಳಿಗೆ ಹೇಳುವುದಿಲ್ಲ. ಅವಳ ಮೊದಲ ಮಾತು 3:2ರಲ್ಲಿ, ಅದೂ ಸರ್ಪದ ಜೊತೆ. ಗಂಡ ಪಕ್ಕದಲ್ಲೇ ಇದ್ದ (3:6) ಎಂಬುದಕ್ಕೂ ಗೆರೆ ಹಾಕಿಸಿ.

ಅಲ್ಲಿಗೆ ನಿಮ್ಮ ಪಾಠ ನಿಲ್ಲಿಸಿ. ಮುಂದಿನ 20 ನಿಮಿಷ ಜೋಡಿಗಳು ಎದುರುಬದುರು ಕುರ್ಚಿ ಹಾಕಿಕೊಂಡು ಮಾತಾಡಲಿ, ಇಬ್ಬರಿಗೂ ಹತ್ತತ್ತು ನಿಮಿಷ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ವಿಷಯ ನಾಲ್ಕೇ: ಎಲ್ಲಿ ವಾಸ, ಸಂಬಳ ಯಾವ ಖಾತೆಗೆ, ಮಕ್ಕಳು ಯಾವಾಗ, ಮೈ ಮುಟ್ಟುವ ವಿಷಯದಲ್ಲಿ ಇರುವ ಹೆದರಿಕೆ ಏನು. ಕೊನೆಯದನ್ನು ಮೊದಲ ಸಂಜೆ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಒತ್ತಾಯ ಬೇಡ. ಎರಡನೆಯ ಸಂಜೆಗೆ ಒಬ್ಬ ಸ್ತ್ರೀರೋಗ ತಜ್ಞೆಯನ್ನು ಕರೆಸಿ, ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿಕೊಳ್ಳಿ. ಎಲ್ಲರೂ ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಮಡಚಿ ಹಾಕಲಿ. ಇಲ್ಲದಿದ್ದರೆ ಡಬ್ಬಿಯ ಹತ್ತಿರ ಎದ್ದು ಹೋದವರನ್ನೇ ಉಳಿದವರು ನೋಡುತ್ತಾರೆ, ಡಬ್ಬಿ ಖಾಲಿಯಾಗಿಯೇ ವಾಪಸು ಬರುತ್ತದೆ. ಹೆತ್ತವರು ಜೊತೆಗೆ ಬಂದಿದ್ದರೆ ಅವರಿಗೆ ಕಾಫಿ ಪಕ್ಕದ ಕೋಣೆಯಲ್ಲಿ ಇಡಿಸಿ.